ಗೋಡೆಯ ಮೇಲಿನ ಗಂಟು

ಅಂಗಡಿಯನ್ನು ನನಗೆ ಮಾರುವ ಕರಾರುಪತ್ರದ ಹನ್ನೊಂದನೆಯ ಷರತ್ತನ್ನು ಯಜಮಾನ ಓದಲಿಲ್ಲ. ಅದರ ಮೇಲೆ ಕಣ್ಣಾಡಿಸಿದ, ಅಷ್ಟೆ. ಹದಿನಾಲ್ಕು ವರ್ಷ ವಿಮಾ ಕಚೇರಿಯ ಮೇಜಿನ ಹಿಂದೆ ಕೂತವಳು ನಾನು. ಎದುರಿಗಿರುವವನ ಕಣ್ಣು ಓದುತ್ತಿದೆಯೋ ಸುಮ್ಮನೆ ಆಡುತ್ತಿದೆಯೋ ಎಂಬುದು ಅವನ ಹಣೆ ನೋಡಿದರೇ ನನಗೆ ತಿಳಿಯುತ್ತದೆ. ಅವನ ಹಣೆಯಲ್ಲಿ ಒಂದು ಗೆರೆಯೂ ಏಳಲಿಲ್ಲ. ಪೆನ್ನು ತೆಗೆದು ಸಹಿ ಹಾಕಿ, ಕುರ್ಚಿಗೆ ಒರಗಿ ನಕ್ಕ.

"ಅಲ್ಲಮ್ಮಾ, ಕೇಳ್ದೆ ಅಂತ ಬೇಜಾರ್ ಮಾಡ್ಕೋಬೇಡಿ. ಮೋಟಾರ್ ಒಳಗೆ ಏನಿರುತ್ತೆ ಅಂತಾದ್ರೂ ಯಾವತ್ತಾದ್ರೂ ನೋಡಿದೀರಾ?"

"ಸುಟ್ಟಿರೋದನ್ನ ನೋಡಿದೀನಿ."

"ಸುಟ್ಟಿರೋದನ್ನ ಯಾರು ಬೇಕಾದ್ರೂ ನೋಡ್ತಾರೆ! ಸುತ್ತೋಕೆ ಬರಬೇಕಲ್ಲ?"

"ನೀವಿದೀರಲ್ಲ ಯಜಮಾನ್ರೇ, ಹೇಳ್ಕೊಡೋಕೆ."

"ಓಹೋ, ಧಾರಾಳವಾಗಿ!" ಎಂದ. ಎದೆ ತಟ್ಟಿಕೊಳ್ಳುವುದೊಂದು ಬಾಕಿ. "ಮೂವತ್ತು ವರ್ಷದ ಅನುಭವ ಇದೆ ಈ ಕೈಗೆ."

ಮೂವತ್ತು ವರ್ಷದ ಅನುಭವ ಇದ್ದದ್ದು ನಿಜ. ಆದರೆ ಅದು ಆ ಕೈಗಲ್ಲ.

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಆ ಅಂಗಡಿ ಅವನಿಗೆ ಮಾವನಿಂದ ಬಂದದ್ದು. ಈಗ ಅವನಿಗೆ ಕಟ್ಟಡ ಕಟ್ಟಿ ಮಾರುವ ಹುಚ್ಚು ಹತ್ತಿತ್ತು. ಅಂಗಡಿಯನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಕಸುಬು ತಿಳಿದವರಾರೂ ಅವನು ಹೇಳಿದ ಬೆಲೆಗೆ ಕೈ ಹಾಕಲಿಲ್ಲ. ಕಸುಬಿನ ಗಂಧಗಾಳಿ ಇಲ್ಲದ ನಾನು ಚೌಕಾಸಿ ಮಾಡದೆ ಒಪ್ಪಿದೆ. ನಾನು ಬಾಗಿಲು ದಾಟುತ್ತಿದ್ದಂತೆ ಅವನು ಒಳಗಿದ್ದವರಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ತಿಂಗಳೊಳಗೆ ಕೈಮುಗಿದು ಅರ್ಧ ಬೆಲೆಗೆ ವಾಪಸ್ ಕೊಡ್ತಾಳೆ, ನೋಡ್ತಾ ಇರಿ."

ನೋಡ್ತಾ ಇರಲಿ ಎಂದುಕೊಂಡೆ. ನನಗೂ ಬೇಕಾದದ್ದು ಅದೇ, ನೋಡುವವರು.

ನಾನು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ತನ್ನ ಅಂಗಡಿಯಲ್ಲಿ ಬೆನ್ನು ಬಗ್ಗಿಸಿದವನಿಗೆ ಮಗಳೊಬ್ಬಳು ಇದ್ದಾಳೋ ಇಲ್ಲವೋ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ನನ್ನ ಗುಟ್ಟು ಉಳಿದದ್ದು ನನ್ನ ಜಾಣತನದಿಂದಲ್ಲ, ಅವನ ಉಪೇಕ್ಷೆಯಿಂದ.

*

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಒಳಗೆ ಹೋದೊಡನೆ ಮೂಗಿಗೆ ವಾರ್ನಿಷ್ ಬಡಿಯುತ್ತದೆ, ಅದರ ಹಿಂದೆಯೇ ಸುಟ್ಟ ತಾಮ್ರದ ವಾಸನೆ. ಎಡಗಡೆ ಎರಡು ಉದ್ದದ ಬೆಂಚು. ಮೇಲೆ ಕರುಳು ತೆಗೆದ ಮೋಟಾರುಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಬಲಗಡೆ ತಂತಿಯ ಉರುಳೆಗಳು, ವಾರ್ನಿಷ್ ತೊಟ್ಟಿ, ಕೊನೆಯಲ್ಲಿ ಆಳೆತ್ತರದ ಕಬ್ಬಿಣದ ಒಲೆ. ಒಲೆಯ ಪಕ್ಕ ಗಾಜಿನ ಗೋಡೆಯ ಪುಟ್ಟ ಕೋಣೆ, ಅದು ಯಜಮಾನನದು.

ಬೆಂಚಿನ ಮೇಲಿನ ಗೋಡೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಎತ್ತರದಲ್ಲಿ, ಮೊಳೆಗೆ ತೂಗುಹಾಕಿದ ತಾಮ್ರದ ಒಂದು ಬಳೆ. ಹೊರಸುತ್ತು ಮಡಕೆಯ ಬಾಯಿಯಷ್ಟು. ಸುಟ್ಟ ಮೋಟಾರನ್ನು ಬಿಚ್ಚುವಾಗ ಅದರ ಸುರುಳಿಗಳ ಒಂದು ತುದಿಯನ್ನು ಉಳಿಯಿಂದ ಕಡಿದು ತೆಗೆಯುತ್ತಾರೆ; ಆ ತುದಿ ಹೀಗೆ ಬಳೆಯಾಗಿ ಕೈಗೆ ಬರುತ್ತದೆ. ಅದರ ಅರ್ಧ ಇದ್ದಿಲಿನ ಹಾಗೆ ಕಪ್ಪು. ಇನ್ನರ್ಧದಲ್ಲಿ ತಂತಿಗಳನ್ನು ಒಟ್ಟಿಗೆ ಬಿಗಿದ ದಾರ, ದಾರದ ಗಂಟುಗಳು, ವಾರ್ನಿಷಿನಲ್ಲಿ ಗಟ್ಟಿಯಾಗಿ ಹಾಗೇ ಉಳಿದಿದ್ದವು. ಕೆಳಗೆ ತಗಡಿನ ತುಂಡಿನಲ್ಲಿ ಬಣ್ಣದಿಂದ ಬರೆದಿತ್ತು: ನೂಲಣ್ಣನ ಕೈ.

ನೂಲಣ್ಣ ನನ್ನ ಅಪ್ಪ.

ಆ ಹೆಸರನ್ನು ಅವನಿಗೆ ಕೊಟ್ಟದ್ದು ಅವನ ಗಂಟು. ಸುರುಳಿಗಳನ್ನು ಮೋಟಾರಿನ ಒಳಗೆ ಇಳಿಸಿದ ಮೇಲೆ ಹೊರಗೆ ಚಾಚಿದ ತುದಿಗಳನ್ನು ದಾರದಿಂದ ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಮೋಟಾರು ಓಡುವಾಗಿನ ಅದುರಿಗೆ ತಂತಿ ಸಡಿಲವಾಗಿ, ಮುಚ್ಚಳಕ್ಕೆ ಉಜ್ಜಿ, ಸುಟ್ಟು ಕರಿಯಾಗುತ್ತದೆ. ಸುತ್ತಿದವನೇ ಕಟ್ಟಬೇಕು, ಇನ್ನೊಬ್ಬನ ಸುರುಳಿಗೆ ಮತ್ತೊಬ್ಬ ದಾರ ಹಾಕಕೂಡದು. ಅದು ಅಲ್ಲಿನ ಕಟ್ಟುಪಾಡು. ಒಬ್ಬೊಬ್ಬನ ಗಂಟು ಒಂದೊಂದು ಥರ. ಮೋಟಾರು ಸುಟ್ಟು ವಾಪಸು ಬಂದರೆ ಬಿಲ್ಲು ನೋಡುವುದಿಲ್ಲ, ಗಂಟು ನೋಡುತ್ತಾರೆ. ಗಂಟೇ ಸಹಿ.

ಅಪ್ಪನ ಗಂಟು ಜೀರಿಗೆ ಕಾಳಿನಷ್ಟು. ಮೂರು ಸುತ್ತು, ದಾರ ತನ್ನ ಅಡಿಯಲ್ಲೇ ನುಸುಳಿ ತನ್ನನ್ನೇ ಕಚ್ಚಿಕೊಳ್ಳುತ್ತಿತ್ತು. ನನ್ನ ಶಾಲೆಯ ಚೀಲದ ಪಟ್ಟಿಗೆ, ಅಮ್ಮನ ಮುರಿದ ಕನ್ನಡಕದ ಕಾಲಿಗೆ, ಸೋರುವ ನಲ್ಲಿಗೆ, ಎಲ್ಲದಕ್ಕೂ ಅದೇ ಗಂಟು. ಕತ್ತರಿಸಬಹುದಿತ್ತು, ಬಿಚ್ಚಲಾಗುತ್ತಿರಲಿಲ್ಲ.

ಏಳು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ ಅಮ್ಮ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡಳು. ಅಪ್ಪ ಆಗ ಆಸ್ಪತ್ರೆಯ ನೀರೆತ್ತುವ ಪಂಪಿನ ಮೋಟಾರು ಸುತ್ತುತ್ತಿದ್ದ. ಸುರುಳಿ ಇಳಿಸಿಯಾಗಿತ್ತು, ಕಟ್ಟುವುದು ಬಾಕಿ. "ಸೋಮವಾರ ಬಂದು ಕಟ್ತೀನಿ, ಮುಟ್ಟಬೇಡಿ" ಎಂದು ಹೇಳಿ ಓಡಿದ. ಶನಿವಾರ ಅರ್ಧ ದಿನ. ಕೆಲಸದವರೆಲ್ಲ ಒಂದು ಗಂಟೆಗೆ ಮನೆಗೆ ಹೋದರು. ಸೋಮವಾರ ಅಪ್ಪನಿಗೆ ಅಮ್ಮನ ಹಾಸಿಗೆ ಬಿಟ್ಟು ಬರಲಾಗಲಿಲ್ಲ. ಮಂಗಳವಾರ ಬಂದಾಗ ಈ ಬಳೆ ಗೋಡೆಯ ಮೇಲಿತ್ತು. ಯಜಮಾನ ಮಾತು ಕೊಟ್ಟಿದ್ದ ಹಾಗೆ ಮೋಟಾರು ಭಾನುವಾರವೇ ಆಸ್ಪತ್ರೆ ಸೇರಿ, ಸೋಮವಾರ ಎರಡು ಗಂಟೆ ಓಡಿ, ಹೊತ್ತಿಹೋಗಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ನೀರಿರಲಿಲ್ಲ. ಅಮ್ಮ ಮಲಗಿದ್ದದ್ದೂ ಅದೇ ಆಸ್ಪತ್ರೆಯಲ್ಲಿ.

"ನಾನು ಕಟ್ಟೇ ಇಲ್ಲ" ಅಂದ ಅಪ್ಪ. "ಅದು ನನ್ನ ಗಂಟಲ್ಲ."

"ಕಟ್ಟದೆ ತಾನಾಗೇ ಕಟ್ಕೊಂತಾ?" ಎಂದನಂತೆ ಯಜಮಾನ, ಎಲ್ಲರ ಮುಂದೆ. "ಹೆಂಡ್ತಿ ಬಿದ್ದ ಗಾಬರೀಲಿ ಏನೇನೋ ಕಟ್ಟಿಟ್ಟು ಓಡಿದೀಯ. ಈಗ ನಿನಗೇ ನೆನಪಿಲ್ಲ. ಕೈ ಹೋಯ್ತು ನೂಲಣ್ಣ ನಿಂದು, ಒಪ್ಕೋ."

ಕೆಲಸದವರು ತಲೆ ತಗ್ಗಿಸಿಕೊಂಡು ನಿಂತಿದ್ದರಂತೆ. ಅಲ್ಲಿಂದ ಮುಂದೆ ಅಪ್ಪ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಒಂದೇ ಮಾತು, "ನಿಮ್ಮ ಕೈ ವಿಷಯ ಕೇಳಿದ್ವಿ ನೂಲಣ್ಣ." ಕೊನೆಗೆ ಸಿಕ್ಕಿದ್ದು ವಾಹನ ನಿಲ್ಲಿಸುವ ಬಯಲಿನಲ್ಲಿ ಚೀಟಿ ಹರಿದುಕೊಡುವ ಕೆಲಸ. ಕೂದಲಿನಷ್ಟು ತೆಳು ತಂತಿಯನ್ನು ಕಣ್ಣುಮುಚ್ಚಿ ಎಣಿಸುತ್ತಿದ್ದ ಬೆರಳುಗಳು ಬಿಸಿಲಲ್ಲಿ ಕೂತು ಚೀಟಿ ಹರಿದವು, ಏಳು ವರ್ಷ.

ಅದನ್ನೂ ಸಹಿಸುತ್ತಿದ್ದೆನೇನೋ. ಸಹಿಸಲಾಗದ್ದು ಬೇರೆಯೇ ಇತ್ತು. ಮೊದಮೊದಲು "ನನ್ನ ಗಂಟಲ್ಲ" ಎನ್ನುತ್ತಿದ್ದ ಅಪ್ಪ ಆಮೇಲಾಮೇಲೆ ಊಟದ ತಟ್ಟೆಯ ಮುಂದೆ ಕೈ ತಡೆದು, ತನ್ನ ಬೆರಳುಗಳನ್ನೇ ನೋಡುತ್ತ, ನನ್ನನ್ನು ಕೇಳತೊಡಗಿದ: "ಕಟ್ಟಿದ್ನೇನೇ ನಾನು? ಕಟ್ಟಿ ಮರೆತ್ನಾ?"

ಕೆಲಸ ಕಸಿದುಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನು ಅಪ್ಪನಿಂದ ಅವನ ಕೈಯನ್ನೇ ಕಸಿದುಕೊಂಡಿದ್ದ. ಆ ಗಂಟು ಯಾರದೆಂದು ತಿಳಿಯಲೇಬೇಕಿತ್ತು. ಅದು ನೇತಾಡುತ್ತಿದ್ದ ಗೋಡೆ ಮಾರಾಟಕ್ಕಿದೆ ಎಂದು ಕೇಳಿದ ದಿನವೇ ನಾನು ಕೆಲಸಕ್ಕೆ ರಾಜೀನಾಮೆ ಬರೆದೆ.

*

ಮೊದಲ ದಿನವೇ ನಗೆಪಾಟಲಾದೆ. ತೊಟ್ಟಿಯಿಂದ ತೆಗೆದು ಒಣಗಲಿಟ್ಟಿದ್ದ ಮೋಟಾರಿನ ಮೇಲೆ ಬೆರಳಿಟ್ಟೆ. ಬೆರಳು ಅಂಟಿತು, ಎಳೆದೆ, ವಾರ್ನಿಷ್ ನೂಲುನೂಲಾಗಿ ಸೆರಗಿನವರೆಗೂ ಬಂತು.

"ಅದು ಪಾಯಸ ಅಲ್ಲಮ್ಮ, ಬೆರಳದ್ದೋಕೆ" ಅಂದ ಮೀಸೆ ಮೇಸ್ತ್ರಿ. ಹಿರಿಯ ಕೆಲಸಗಾರ, ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಇಪ್ಪತ್ತು ವರ್ಷ ಕೂತವನು. ಮೀಸೆ ಮಾತ್ರ ಇನ್ನೂ ಕಪ್ಪಗಿತ್ತು. "ಒಲೇಲಿ ಬೇಯ್ಬೇಕು ಅದು. ಎಂಟು ಗಂಟೆ."

"ಎಂಟು ಗಂಟೆ ಯಾಕೆ?"

"ಅನ್ನ ಯಾಕೆ ಬೇಯಿಸ್ತೀರಿ?"

ಯಜಮಾನ ಗಾಜಿನ ಕೋಣೆಯೊಳಗೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೇಳ್ಕೊಡಪ್ಪ ಮೇಸ್ತ್ರಿ, ಹೇಳ್ಕೊಡು. ಮೇಡಂಗೆ ಎಲ್ಲಾ ಅ ಆ ಇ ಈಯಿಂದ ಶುರುವಾಗ್ಬೇಕು." ಪೇಪರು ಓದುತ್ತ, ಚಹಾ ತರಿಸಿ ಕುಡಿಯುತ್ತ, ಅವನ ಮೊದಲ ದಿನದ ಬೋಧನೆ ಮುಗಿಯಿತು.

ನನ್ನ ಸೆರಗಿಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದವಳು ಪೇಪರಕ್ಕ. ಮೋಟಾರಿನ ಒಳಗಿನ ಸೀಳುಗಳಿಗೆ ಕೂರಿಸುವ ಕಾಗದ ಕತ್ತರಿಸುವುದು ಅವಳ ಕೆಲಸ; ಆ ಕಾಗದವಿಲ್ಲದಿದ್ದರೆ ತಂತಿ ಕಬ್ಬಿಣಕ್ಕೆ ತಗುಲುತ್ತದೆ. ಕತ್ತರಿಗಿಂತ ನಾಲಿಗೆ ಹರಿತ ಎಂದು ಅವಳಿಗೆ ಹೆಸರಿತ್ತು. ಸೆರಗು ಉಜ್ಜುತ್ತ ನನ್ನ ಮುಖವನ್ನೇ ನೋಡಿದಳು.

"ಗಲ್ಲದ ಮೇಲೆ ಹೀಗೆ ಗುಳಿ ಬೀಳೋದು ಈ ಅಂಗಡೀಲಿ ಒಬ್ಬರಿಗೇ ಇತ್ತು" ಅಂದಳು ಮೆಲ್ಲಗೆ.

ನಾನು ಸೆರಗು ಎಳೆದುಕೊಂಡೆ.

"ಹೆದರ್ಕೋಬೇಡವ್ವ. ನನ್ನ ಬಾಯಿ ದೊಡ್ಡದೇ, ಆದ್ರೆ ಬಾಗಿಲೂ ಇದೆ ಅದಕ್ಕೆ." ಆಮೇಲೆ ಗೋಡೆಯ ಕಡೆ ಗಲ್ಲ ಎತ್ತಿದಳು. "ಹೊಸಬರು ಯಾರು ಬಂದ್ರೂ ಅದರ ಕೆಳಗೆ ನಿಲ್ಲಿಸ್ತಾನೆ. 'ಇದು ನೂಲಣ್ಣನ ಕೈ, ಹೀಗೆ ಮಾಡಬಾರದು' ಅಂತ ಹೇಳಿಸ್ತಾನೆ. ನಾನೂ ಹೇಳಿದೀನಿ. ಹೊಟ್ಟೆಪಾಡು ನೋಡು."

ಹೊಟ್ಟೆಪಾಡು. ಈ ಒಂದು ಪದದ ನೆರಳಲ್ಲಿ ಎಷ್ಟು ಸುಳ್ಳುಗಳು ತಂಪಾಗಿ ಮಲಗಿ ನಿದ್ದೆ ಹೊಡೆಯುತ್ತವೆ! ನಾನು ಪೇಪರಕ್ಕನನ್ನು ಬೈಯಲಿಲ್ಲ. ಕ್ಷಮಿಸಲೂ ಇಲ್ಲ.

*

ಎರಡನೆಯ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ, ಸ್ಟೂಲು ಹತ್ತಿ ಆ ಬಳೆಯನ್ನು ಇಳಿಸಿದೆ. ಧೂಳು ಒರೆಸಿದೆ. ಎಣ್ಣೆ ಹಾಕಿ ಗಂಟುಗಳನ್ನು ತಿಕ್ಕಿದೆ. ಕಪ್ಪು ಹೋಗಿ ದಾರ ಕಂಡಿತು.

ಅಪ್ಪನದಲ್ಲ. ಅದು ಮೊದಲ ನೋಟಕ್ಕೇ ತಿಳಿಯಿತು. ಆದರೆ ಅದಾದ ಮೇಲೆ ತಿಳಿದದ್ದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿಬಿಟ್ಟಿತು. ಆ ಗಂಟು ನನಗೆ ಗೊತ್ತಿತ್ತು. ಹೆಸರು ಹೇಳಲಾಗದಿದ್ದರೂ ನನ್ನ ಬೆರಳಿಗೆ ಗೊತ್ತಿತ್ತು. ಎರಡು ತಿರುವು, ಒಂದು ಕುಣಿಕೆ, ಉಳಿದ ಬಾಲ ಎಡಕ್ಕೆ ಮಡಚಿ ಒಳಗೆ. ನನ್ನ ಕೈ ತಾನಾಗಿಯೇ ಗಾಳಿಯಲ್ಲಿ ಅದನ್ನು ಕಟ್ಟಿತು.

ಹದಿನಾಲ್ಕು ವರ್ಷ ದಿನಕ್ಕೆ ಐವತ್ತರಂತೆ ನಾನು ಕಟ್ಟಿದ್ದ ಗಂಟು ಅದು. ಕಡತಕ್ಕೆ ಹಾಕುವ ಗಂಟು. ಬಾಲ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು, ಅದೇ ಅದರ ಗುಣ. ಕಾಗದವನ್ನು ಬೇಗ ತೆಗೆಯಬೇಕಲ್ಲ. ಕೆಲಸದವರು ಏಳು ವರ್ಷ ಅದನ್ನು ನೋಡಿದ್ದರು. ನಮ್ಮಲ್ಲಿ ಯಾರದ್ದೂ ಅಲ್ಲ ಎಂಬುದಷ್ಟೇ ಅವರಿಗೆ ಕಂಡಿತ್ತು. ಅದು ಕಾಗದದವರ ಗಂಟೆಂದು ಕಾಣಬೇಕಾದರೆ ತಂತಿ ಮುಟ್ಟದ, ಕಸುಬು ಬಾರದ, ಬರೀ ಕಾಗದ ಕಟ್ಟಿದ ಕೈಯೇ ಬೇಕಿತ್ತು.

ಆ ಅಂಗಡಿಯಲ್ಲಿ ಕಾಗದ ಕಟ್ಟುವ ಕೈ ಒಂದೇ.

ಗಾಜಿನ ಕೋಣೆಗೆ ಹೋದೆ. ಹಸ್ತಾಂತರಕ್ಕೆಂದು ಅವನೇ ಕಟ್ಟಿಕೊಟ್ಟಿದ್ದ ಹಳೆಯ ರಸೀದಿಗಳ ಕಟ್ಟುಗಳು ಕಪಾಟಿನಲ್ಲಿದ್ದವು. ಬಿಳಿ ದಾರ. ಎರಡು ತಿರುವು, ಒಂದು ಕುಣಿಕೆ, ಬಾಲ ಎಡಕ್ಕೆ. ಕಚೇರಿಯಲ್ಲಿ ನಾವೆಲ್ಲ ಬಾಲವನ್ನು ಬಲಕ್ಕೆ ಮಡಚುತ್ತಿದ್ದೆವು. ಇವನದು ಎಡಕ್ಕೆ. ಗೋಡೆಯ ಮೇಲಿನದೂ ಎಡಕ್ಕೆ.

ಬಳೆಯನ್ನು ಮತ್ತೆ ಮೊಳೆಗೆ ಹಾಕಿದೆ.

ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದೆ, "ನಾಳೆ ಅಂಗಡಿಗೆ ಬಾಪ್ಪ."

"ಆ ಹೊಸ್ತಿಲು ನಾನು ತುಳಿಯಲ್ಲ."

"ಅಂಗಡಿ ಈಗ ನಮ್ಮದು."

"ನಿನ್ನದು. ನಿನಗೆ ಒಂದು ಸುರುಳಿ ಸುತ್ತೋಕೆ ಬರಲ್ಲ, ಅಂಗಡಿ ತಗೊಂಡಿದೀಯ. ನನ್ನ ಕೇಳಿದ್ಯಾ?" ಎಂದು ಎದ್ದುಹೋದ. ಅಮ್ಮ ಊರುಗೋಲಿನ ಮೇಲೆ ಗಲ್ಲವಿಟ್ಟು, "ಬಿಡೇ, ಬರಲ್ಲ ಅಂದೋರು ದಾರಿ ನೋಡ್ಕೊಂಡೇ ಹೇಳೋದು" ಅಂದಳು.

*

ಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಪಂಪಿನವನು ಮೋಟಾರು ಒಯ್ಯಲು ಬರುವವನಿದ್ದ. ಊರೆಲ್ಲ ತಿರುಗುವ ಆಸಾಮಿ. ಅಪ್ಪನ ಕೈ ಹೋಯಿತೆಂಬ ಸುದ್ದಿಯನ್ನು ಅಂಗಡಿಯಿಂದ ಅಂಗಡಿಗೆ ಹೊತ್ತವನೂ ಅವನೇ. ಅವನು ಬಂದು ಬೆಂಚಿನ ತುದಿಗೆ ಕೂತ ಮೇಲೆ ನಾನು ಗಾಜಿನ ಕೋಣೆಯ ಬಾಗಿಲು ತೆರೆದೆ.

"ಯಜಮಾನ್ರೇ, ಬನ್ನಿ. ಇವತ್ತು ದಾರ ಕಟ್ಟೋದು ಹೇಳ್ಕೊಡಿ."

"ಮೇಸ್ತ್ರಿ!" ಎಂದು ಕೂಗಿದ ಪೇಪರಿನ ಹಿಂದಿನಿಂದ. "ತೋರ್ಸೋ ಅವರಿಗೆ."

"ಮೇಸ್ತ್ರಿ ಬೇಡ. ನೀವೇ."

"ನಾನು ಯಾಕಮ್ಮ?"

ಕರಾರುಪತ್ರ ನನ್ನ ಕೈಯಲ್ಲೇ ಇತ್ತು. ಹನ್ನೊಂದನೆಯ ಷರತ್ತನ್ನು ಎಲ್ಲರಿಗೂ ಕೇಳುವ ಹಾಗೆ ಓದಿದೆ: "ಮಾರುವವರು ತೊಂಬತ್ತು ಕೆಲಸದ ದಿನ ಅಂಗಡಿಯಲ್ಲಿದ್ದು, ಕಸುಬಿನ ಪ್ರತಿಯೊಂದು ಹಂತವನ್ನೂ ಸ್ವತಃ ತಮ್ಮ ಕೈಯಿಂದ ಮಾಡಿ ಕೊಳ್ಳುವವರಿಗೆ ಕಲಿಸತಕ್ಕದ್ದು. ತಪ್ಪಿದಲ್ಲಿ ಬೆಲೆಯ ಕೊನೆಯ ಮೂರನೇ ಒಂದು ಪಾಲಿನ ಮೇಲೆ ಅವರಿಗೆ ಹಕ್ಕಿರುವುದಿಲ್ಲ."

ಪೇಪರು ಕೆಳಗಿಳಿಯಿತು. ಈಗ ಹಣೆಯ ಮೇಲೆ ಗೆರೆ ಬಂದಿತ್ತು.

"ಇದೇನ್ ತಮಾಷೆ?"

"ಮೂವತ್ತು ವರ್ಷದ ಕೈ ಅಂದ್ರಲ್ಲ. ನೋಡೋಣ ಅಂತ."

ಪೇಪರಕ್ಕನ ಕತ್ತರಿ ನಿಂತಿತು. ಪಂಪಿನವನಿಗೆ ಮನರಂಜನೆ ಸಿಕ್ಕಿತ್ತು. "ಮಾಡಿ ಯಜಮಾನ್ರೇ, ಏನ್ ಮಹಾ, ದಾರ ತಾನೆ? ನಾವೂ ನೋಡ್ತೀವಿ" ಅಂದ. ಆ ಮಾತು ಯಜಮಾನನನ್ನು ಎಬ್ಬಿಸಿತು. ಎಲ್ಲರ ಮುಂದೆ 'ಬರಲ್ಲ' ಅನ್ನುವುದಕ್ಕಿಂತ ಬೆಂಚಿಗೆ ಬರುವುದೇ ಮೇಲೆನ್ನಿಸಿರಬೇಕು. ತೋಳು ಮಡಚಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಎಲ್ಲರ ಕಣ್ಣೆದುರು ಆ ಬೆಂಚಿನ ಮುಂದೆ ಕೂತ.

ಕಲಿಕೆಗೆಂದು ಗುಜರಿ ಮೋಟಾರೊಂದನ್ನು ಇಟ್ಟಿದ್ದೆ. ಸುರುಳಿಗಳನ್ನು ಮೇಸ್ತ್ರಿಯಿಂದ ಹಿಂದಿನ ದಿನವೇ ಇಳಿಸಿಸಿದ್ದೆ. ದಾರದ ಉಂಡೆ ಅವನ ಕೈಗೆ ಕೊಟ್ಟೆ.

ಮೊದಲ ಗಂಟಿಗೆ ಬೆವರಿದ. ಎರಡನೆಯದಕ್ಕೆ ಧೈರ್ಯ ಬಂತು. ಮೂರು, ನಾಲ್ಕು, ಐದು. ಕೈಗೆ ತಿಳಿದದ್ದು ಒಂದೇ, ಅದು ಅದನ್ನೇ ಮಾಡಿಕೊಂಡು ಹೋಯಿತು. ಎರಡು ತಿರುವು, ಒಂದು ಕುಣಿಕೆ, ಬಾಲ ಎಡಕ್ಕೆ. ಅರ್ಧ ಸುತ್ತು ಮುಗಿಸಿ ಹೆಮ್ಮೆಯಿಂದ ತಲೆಯೆತ್ತಿದ. "ನೋಡಿದ್ರಾ? ಇಷ್ಟೇನೇ. ಇದಕ್ಕೆ ಇವರೆಲ್ಲ ದೊಡ್ಡ ವಿದ್ಯೆ ಅಂತಾರೆ."

"ಚೆನ್ನಾಗಿ ಕಟ್ಟಿದೀರಿ" ಎಂದೆ. "ಮೊದಲೂ ಕಟ್ಟಿದ್ರಾ ಯಾವತ್ತಾದ್ರೂ?"

"ಬೇಕಾದಷ್ಟು!"

"ಶನಿವಾರ ಮಧ್ಯಾಹ್ನ?"

ಅವನಿಗೆ ಅರ್ಥವಾಗಲಿಲ್ಲ. ನಾನು ಸ್ಟೂಲು ಹತ್ತಿ ಗೋಡೆಯ ಬಳೆಯನ್ನು ಇಳಿಸಿ, ಅವನು ಕಟ್ಟಿದ್ದರ ಪಕ್ಕದಲ್ಲಿಟ್ಟೆ. ಒರೆಸಿದ್ದ ಗಂಟುಗಳು ಮೇಲೆ ಬರುವ ಹಾಗೆ ತಿರುಗಿಸಿದೆ. ರಸೀದಿಯ ಕಟ್ಟನ್ನೂ ತಂದು ಇಟ್ಟೆ. ಮೂರೂ ಸಾಲಾಗಿ.

ಪಂಪಿನವನು ಎದ್ದು ಬಂದು, ಬಗ್ಗಿ, ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ನೋಡಿದ.

"ಅಯ್ಯಯ್ಯಪ್ಪಾ" ಎಂದಳು ಪೇಪರಕ್ಕ. "ಒಂದೇ ತಾಯಿ ಮಕ್ಕಳ ಹಾಗಿವೆಯಲ್ಲೇ!"

ನಾನು ಅವನು ಈಗಷ್ಟೇ ಕಟ್ಟಿದ್ದರ ಬಾಲ ಹಿಡಿದು ಎಳೆದೆ. ಸರ್ರ್... ಗಂಟಿನ ಹಿಂದೆ ಗಂಟು, ಅರ್ಧ ಸುತ್ತೂ ಬಿಚ್ಚಿಕೊಂಡು ದಾರ ನನ್ನ ಕೈಗೆ ಬಂತು. ತಂತಿಗಳು ಸಡಿಲಾಗಿ ಹೊರಗೆ ಚೆಲ್ಲಿಕೊಂಡವು.

"ಇದನ್ನ ಕಟ್ಟಿ, ಹಸಿ ವಾರ್ನಿಷ್ ಬಳಿದು, ಒಲೆಗೂ ಇಡದೆ ಆಸ್ಪತ್ರೆಗೆ ಕಳಿಸಿದ್ರಿ. ಭಾನುವಾರ ಕೊಡ್ತೀನಿ ಅಂತ ಮಾತು ಕೊಟ್ಟಿದ್ರಿ, ಅದಕ್ಕೆ. ಎರಡು ಗಂಟೆ ಅದುರಿದ್ದೇ ತಡ, ಅರ್ಧ ಬಿಚ್ಕೊಂಡು ಸುಟ್ಟೋಯ್ತು; ಇನ್ನರ್ಧ ಆ ಕಾವಿಗೇ ಗಟ್ಟಿಯಾಯ್ತು. ನಿಮ್ಮ ಕೈ ಅದು ಯಜಮಾನ್ರೇ. ಏಳು ವರ್ಷ ನೇತುಹಾಕಿದ್ದು ನಿಮ್ಮ ಕೈನೇ."

"ಯಾರೇ ನೀನು?" ಎಂದ. ದನಿ ಕೀಚಲಾಗಿತ್ತು.

"ನೂಲಣ್ಣನ ಮಗಳು."

ಅವನು ಮೇಸ್ತ್ರಿಯ ಕಡೆ ತಿರುಗಿದ. ಆಸರೆಗೆ ತಿರುಗುವ ಅಭ್ಯಾಸ. "ಹೇಳೋ ಮೇಸ್ತ್ರಿ. ನೀನೇ ಅಲ್ವೇನೋ ಮೋಟಾರ್ ಬಿಚ್ಚಿದ್ದು? ನೂಲಣ್ಣಂದೇ ಅಂತ ಹೇಳು."

ಮೀಸೆ ಮೇಸ್ತ್ರಿ ಉಳಿಯನ್ನು ಕೆಳಗಿಟ್ಟ. ಬಟ್ಟೆಯಲ್ಲಿ ಕೈ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಕಡಿದು ತೆಗೆದಾಗಲೇ ಗೊತ್ತಾಯ್ತು, ನೂಲಣ್ಣಂದಲ್ಲ ಅಂತ" ಎಂದ. "ನನ್ನದೂ ಅಲ್ಲ. ನಮ್ಮ ಯಾರದ್ದೂ ಅಲ್ಲ. ಆ ಶನಿವಾರ ಬೀಗದ ಕೈ ಇದ್ದದ್ದು ಒಬ್ಬರ ಹತ್ರಾನೇ."

"ಏಳು ವರ್ಷ ಸುಮ್ನಿದ್ರಿ" ಎಂದೆ.

"ಸುಮ್ನಿದ್ದೆ ತಾಯಿ. ನೂಲಣ್ಣ ಹೋದ ಮೇಲೆ ಹಿರಿಯ ಮೇಸ್ತ್ರಿ ಅಂತ ನನ್ನ ಮಾಡಿದ್ರು."

ಅವನ ಪ್ರಾಮಾಣಿಕತೆಗೆ ನಾನು ಕರಗಬೇಕಿತ್ತೇನೋ. ಕರಗಲಿಲ್ಲ. ತಗಡಿನ ತುಂಡನ್ನೂ ಬಣ್ಣದ ಡಬ್ಬಿಯನ್ನೂ ಅವನ ಮುಂದಿಟ್ಟೆ. "ಆವತ್ತು ಇದನ್ನ ಬರೆದದ್ದು ಯಾರು?"

"ನಾನೇ" ಎಂದ ನೆಲ ನೋಡುತ್ತ.

"ಹಾಗಾದ್ರೆ ಅಳಿಸಿ, ಈಗಲೂ ನೀವೇ ಬರೀರಿ. 'ಯಜಮಾನರ ಕೈ' ಅಂತ. ದೊಡ್ಡದಾಗಿ, ಬಾಗಿಲಿಂದಾನೂ ಕಾಣೋ ಹಾಗೆ."

ಅವನು ಬರೆದ. ಬಣ್ಣ ಒಣಗುವ ಮೊದಲೇ ಪಂಪಿನವನು ಮೋಟಾರನ್ನೂ ಮರೆತು ಹೊರಟ. "ಎಲ್ಲಿಗೆ ಇಷ್ಟು ಅವಸರ?" ಎಂದು ಪೇಪರಕ್ಕ ಕೇಳಿದರೆ, "ನಾಲ್ಕು ಅಂಗಡಿಗೆ ಹೇಳೋದಿದೆ" ಎಂದು ಬೀದಿಗಿಳಿದ. ಸುಳ್ಳನ್ನು ಹೊತ್ತ ಕಾಲುಗಳೇ ನಿಜವನ್ನೂ ಹೊರಲಿ ಎಂದೇ ಅವನನ್ನು ಕಾದಿದ್ದೆ.

ಯಜಮಾನ ಕೋಟು ತೆಗೆದುಕೊಂಡು ಬಾಗಿಲವರೆಗೂ ಹೋದ.

"ಹೋಗಬಹುದು" ಎಂದೆ. "ಕಟ್ಟಡಕ್ಕೆ ಪಾಯ ತೆಗೆಸಿದೀರಂತೆ. ಕೊನೇ ಪಾಲು ಬೇಡ ಅಂದ್ರೆ ಧಾರಾಳವಾಗಿ ಹೋಗಿ."

ಆ ಪಾಲಿನ ಮೇಲೆಯೇ ಅವನ ಕಟ್ಟಡ ನಿಂತಿತ್ತು. ಹೊಸ್ತಿಲ ಮೇಲೆ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟು ಎಷ್ಟೋ ಹೊತ್ತು ನಿಂತ. ಆಮೇಲೆ ಕೋಟನ್ನು ಮೊಳೆಗೆ ಹಾಕಿ, ಗಾಜಿನ ಕೋಣೆಯ ಕಡೆ ಹೊರಟ.

"ಅಲ್ಲಲ್ಲ. ಬೆಂಚಿಗೆ."

*

ಅಪ್ಪ ಮರುದಿನ ಬೆಳಿಗ್ಗೆ ಬಂದ. ನಾನು ಕರೆಯಲಿಲ್ಲ. ಪಂಪಿನವನು ಹಿಂದಿನ ಸಂಜೆ ವಾಹನದ ಬಯಲಿಗೆ ಹೋಗಿ, ಚೀಟಿಗೆ ಕೈ ಚಾಚಿ, ಎಲ್ಲವನ್ನೂ ಒದರಿದ್ದನಂತೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಯಾರ ಮುಖವನ್ನೂ ನೋಡಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ, ಬಳೆಯನ್ನು ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಗಂಟುಗಳನ್ನು ಒಂದೊಂದಾಗಿ ಸವರಿದ. ಕೊನೆಯ ಗಂಟಿನ ಹತ್ತಿರ ಹೆಬ್ಬೆರಳು ನಿಂತಿತು.

"ಕಟ್ಟಿರಲಿಲ್ಲ ನಾನು" ಎಂದ. ನನಗಲ್ಲ, ಯಜಮಾನನಿಗಲ್ಲ. ತನ್ನ ಕೈಗೆ.

ಮೀಸೆ ಮೇಸ್ತ್ರಿ ಎದ್ದುನಿಂತು, "ನೂಲಣ್ಣ..." ಎಂದು ಮುಂದೆ ಬಂದ. ಅಪ್ಪ ಅವನನ್ನು ಬಳಸಿಕೊಂಡು ಮುಂದೆ ಹೋದ, ದಾರಿಯಲ್ಲಿ ಕುರ್ಚಿಯೊಂದು ಅಡ್ಡ ಇದ್ದರೆ ಹೋಗುವ ಹಾಗೆ. ಗಾಜಿನ ಕೋಣೆಯಿಂದ ಯಜಮಾನನ ಕುರ್ಚಿಯನ್ನು ಎಳೆದು ತಂದು ಬೆಂಚಿನ ಎದುರಿಗೆ ಹಾಕಿ ಕೂತ. ಬೆಂಚಿಗೆ ಕೂತಿದ್ದ ಯಜಮಾನನ ಮುಂದೆ, ಅವನು ಹಿಂದಿನ ದಿನದಿಂದ ಪರದಾಡಿ ಕಟ್ಟಿದ್ದ ಮೋಟಾರು ಇತ್ತು.

ಅಪ್ಪ ನನ್ನನ್ನು ಕರೆದ. ಬೆನ್ನು ತಟ್ಟುತ್ತಾನೆಂದುಕೊಂಡು ಹೋದೆ.

"ಕೂತ್ಕೋ, ಇವರ ಪಕ್ಕ."

"ನಾನಾ?"

"ಮತ್ತೆ? ಕಸುಬು ಬರದೆ ಅಂಗಡಿ ಇಟ್ಕೊಂಡೋರು ಈ ಊರಲ್ಲಿ ಇವರೊಬ್ಬರು, ನೀನೊಬ್ಬಳು. ಇವರು ಮೂವತ್ತು ವರ್ಷ ಹಾಗೇ ಇದ್ರು. ಏನಾಯ್ತು ನೋಡಿದ್ಯಲ್ಲ? ತಗೋ ದಾರ."

ಪೇಪರಕ್ಕ ಬಾಯಿಗೆ ಸೆರಗು ಹಚ್ಚಿದಳು. ನನ್ನ ಕಿವಿ ಬಿಸಿಯಾಯಿತು. ಆದರೂ ಕೂತೆ, ನನ್ನ ವೈರಿಯ ಮೊಣಕೈಗೆ ಮೊಣಕೈ ತಾಗುವ ಹಾಗೆ. ಅವನ ಮೈಯಿಂದ ಹೆದರಿದವನ ಬೆವರಿನ ವಾಸನೆ ಬರುತ್ತಿತ್ತು. ನನಗದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ?

ಅಪ್ಪ ಒಂದು ಸಲ ಕಟ್ಟಿ ತೋರಿಸಿದ. ಏಳು ವರ್ಷ ಚೀಟಿ ಹರಿದ ಬೆರಳುಗಳು ಒಂದು ಕ್ಷಣ ತಡವರಿಸಿ, ಆಮೇಲೆ ನೀರಿಗೆ ಬಿಟ್ಟ ಮೀನಿನ ಹಾಗೆ ಹೊರಟವು. ಮೂರು ಸುತ್ತು, ಅಡಿಯಲ್ಲಿ ನುಸುಳಿ, ಕಚ್ಚಿಕೊಂಡು, ಜೀರಿಗೆ ಕಾಳು. ನಾವಿಬ್ಬರೂ ಕಟ್ಟಿದೆವು. ನನ್ನದನ್ನು ನೋಡಿದ.

"ಬಿಚ್ಚು. ಎರಡನೇ ಸುತ್ತಲ್ಲಿ ಸಡಿಲ ಬಿಟ್ಟಿದೀಯ. ಬಾ, ಬೆರಳು ಹೀಗಿಡು, ಮತ್ತೆ ಹೇಳ್ಕೊಡ್ತೀನಿ."

ಆಮೇಲೆ ಯಜಮಾನನದನ್ನು ನೋಡಿದ. ಬಹಳ ಹೊತ್ತು ನೋಡಿದ. ಯಜಮಾನ ತುಟಿ ಒದ್ದೆ ಮಾಡಿಕೊಂಡ.

"ಬಿಚ್ಚಿ ಯಜಮಾನ್ರೇ."

ಎಲ್ಲಿ ತಪ್ಪಾಯಿತು ಎಂದು ಹೇಳಲಿಲ್ಲ. ಅವನು ಬಿಚ್ಚಿ ಕಟ್ಟಿದ.

"ಬಿಚ್ಚಿ."

ಮತ್ತೆ ಕಟ್ಟಿದ. ಉಗುರಿನ ಸಂದಿಯಲ್ಲಿ ದಾರ ಕೊಯ್ದು ರಕ್ತ ಜಿನುಗಿತು.

"ಬಿಚ್ಚಿ."

"ಏನ್ ತಪ್ಪಾಗಿದೆ ಅಂತಾದ್ರೂ ಹೇಳು ನೂಲಣ್ಣ" ಎಂದ ಅವನು. ಕಣ್ಣಲ್ಲಿ ನೀರಿತ್ತು.

ಅಪ್ಪ ಕುರ್ಚಿಗೆ ಒರಗಿ, ಚೀಟಿ ಹರಿಯುವ ಬಯಲಿನಲ್ಲಿ ಕಲಿತ ತಾಳ್ಮೆಯಿಂದ, ಕಾಲ ಮೇಲೆ ಕಾಲು ಹಾಕಿದ.

"ನಿಮಗೇ ನೆನಪಾಗುತ್ತೆ, ಕಟ್ಟಿ" ಎಂದ. "ಇನ್ನೂ ಎಂಬತ್ತಾರು ದಿನ ಇದೆಯಂತಲ್ಲ."